ಭಾರತ ಫುಟ್‌ಬಾಲ್ ತಂಡದ ಚರಿತ್ರೆ ತಾಳೆ ಆಗ್ತಿಲ್ವಾ? ಚಾರ್ಟ್, ಕ್ವಿಜ್, ಫ್ಲೆಕ್ಸ್ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯ ಶಾಲೆಗಳಲ್ಲಿ, ಯುವಕ ಸಂಘಗಳಲ್ಲಿ ಭಾರತ ಫುಟ್‌ಬಾಲ್ ತಂಡದ ಚರಿತ್ರೆ ಅಂತ ಚಾರ್ಟ್ ಮಾಡುವವರಿದ್ದಾರೆ. ಕ್ವಿಜ್ ಇಡುವವರಿದ್ದಾರೆ. ಟೂರ್ನಿ ಬಂತು ಅಂದರೆ ಫ್ಲೆಕ್ಸ್ ಮೇಲೆ ನಾಲ್ಕು ಸಾಲು ಚರಿತ್ರೆ ಹಾಕಿಸುವವರೂ ಇದ್ದಾರೆ. ನನಗೆ ಇದು ತುಂಬಾ ಇಷ್ಟದ ಕೆಲಸ. ಪ್ರಿಂಟ್‌ಗೆ ಹೋಗುವ ಮುಂಚೆ ಒಂದು ಸಲ ನೋಡಿಕೊಡಿ ಅಂತ ಯಾರಾದರೂ ತಂದರೆ ಕೂತು ಪೂರ್ತಿ ನೋಡುತ್ತೇನೆ. ನೋಡ್ತಾ ನೋಡ್ತಾ ಒಂದು ವಿಷಯ ಸ್ಪಷ್ಟವಾಗಿದೆ. ತಪ್ಪುಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಯಾರು ಬರೆದರೂ ಅವೇ ಕೆಲವು ಜಾಗದಲ್ಲಿ ಹುಟ್ಟುತ್ತವೆ. ಜಾಗ ಗೊತ್ತಿದ್ದರೆ ಹುಡುಕುವುದು ಸುಲಭ.

ಮೊದಲನೆಯ ಮಾತು. ಎರಡು ಕಡೆ ಎರಡು ಅಂಕಿ ಕಂಡ ತಕ್ಷಣ ಒಂದನ್ನು ಹೊಡೆದುಹಾಕಬೇಡಿ. ಹೆಚ್ಚಿನ ಸಲ ಎರಡೂ ಅಂಕಿ ಸರಿಯೇ ಇರುತ್ತವೆ, ಅವು ಬೇರೆ ಬೇರೆ ಆಟದ ಅಂಕಿಗಳಾಗಿರುತ್ತವೆ. ಪೆನ್ಸಿಲ್ ತಗೊಂಡು ಆ ಸಾಲಿನ ಪಕ್ಕ ಮೂರು ಪ್ರಶ್ನೆ ಬರೆದುಕೊಳ್ಳಿ. ಆಡಿದ್ದು ಯಾವ ತಂಡ? ಯಾವ ಟೂರ್ನಿ? ಆಟ ನಡೆದದ್ದು ಯಾವಾಗ, ಎಲ್ಲಿ? ಮೂರಕ್ಕೂ ಉತ್ತರ ಬಂದರೆ ದೋಷ ತಾನಾಗೇ ಎದ್ದು ಕಾಣುತ್ತದೆ. ಒಂದಕ್ಕೆ ಉತ್ತರ ಬರಲಿಲ್ಲ ಅಂದರೂ ಆ ಸಾಲು ಇನ್ನೂ ಪ್ರಿಂಟ್‌ಗೆ ತಯಾರಿಲ್ಲ.

ದೋಷ: ವರ್ಲ್ಡ್ ಕಪ್ ಸಾಲು ದಾರಿ ತಪ್ಪಿದೆ

ಇದನ್ನೇ ಮೊದಲು ನೋಡಿ, ಯಾಕಂದರೆ ಇಲ್ಲಿ ತಪ್ಪಿದರೆ ಕೆಳಗಿನ ಸಾಲುಗಳೂ ಹಾಳಾಗುತ್ತವೆ. ಚಾರ್ಟ್‌ನಲ್ಲಿ ಸಾಮಾನ್ಯವಾಗಿ ಹೀಗೆ ಇರುತ್ತದೆ: "1950ರಲ್ಲಿ ಭಾರತ ವರ್ಲ್ಡ್ ಕಪ್ ಆಡಬೇಕಿತ್ತು, ಬೂಟು ಹಾಕದೆ ಆಡುತ್ತೇವೆ ಅಂದದ್ದಕ್ಕೆ ಫಿಫಾ ಬಿಡಲಿಲ್ಲ." ಇನ್ನು ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಭಾರತ 1950ರ ವರ್ಲ್ಡ್ ಕಪ್ ಆಡಿದೆ" ಅಂತಲೇ ಬರೆದಿರುತ್ತಾರೆ.

ಎರಡನೆಯದು ನೇರ ತಪ್ಪು. ಭಾರತ ಆಡಿಲ್ಲ. ಅರ್ಹತೆ ಸಿಕ್ಕಿತ್ತು, ಅದೂ ಒಂದು ಪಂದ್ಯ ಆಡದೆ ಸಿಕ್ಕಿತ್ತು. ನಮ್ಮ ಗುಂಪಿನಲ್ಲಿದ್ದ ಬರ್ಮಾ, ಫಿಲಿಪೀನ್ಸ್ ಹಿಂದೆ ಸರಿದವು, ಜಾಗ ನಮಗೆ ಬಂತು. ಬ್ರೆಜಿಲ್‌ನಲ್ಲಿ ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿಗೆ ನಮ್ಮ ಹೆಸರೂ ಬಿತ್ತು. ಟೂರ್ನಿ ಜೂನ್ 24ಕ್ಕೆ ಶುರು. ಅದಕ್ಕೆ ಸ್ವಲ್ಪ ಮುಂಚೆ ನಮ್ಮ ಫುಟ್‌ಬಾಲ್ ಫೆಡರೇಶನ್ ಬರುವುದಿಲ್ಲ ಅಂತ ತಿಳಿಸಿತು. ಕೊನೆಗೆ ಅಲ್ಲಿ ಆಡಿದ್ದು 13 ತಂಡಗಳು ಮಾತ್ರ.

ಈಗ ಬರಿಗಾಲಿನ ಕಥೆ. ಇದನ್ನು ಪರೀಕ್ಷೆ ಮಾಡುವುದು ಸುಲಭ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಸರಿ, ಅದು 1950ಕ್ಕಿಂತ ಮುಂಚೆ ಅಂತೀರಾ? 1952ಕ್ಕೆ ಬನ್ನಿ. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಆ ಚಳಿಯಲ್ಲಿ, ಆಗಲೂ ಹಲವರ ಕಾಲಲ್ಲಿ ಬೂಟು ಇರಲಿಲ್ಲ. ಬರಿಗಾಲು ಅನ್ನುವ ಒಂದೇ ಕಾರಣಕ್ಕೆ 1950ರಲ್ಲಿ ಬಾಗಿಲು ಮುಚ್ಚಿದ್ದರೆ, ಎರಡು ವರ್ಷ ಬಿಟ್ಟು ಅದೇ ಕಾಲಲ್ಲಿ ಇನ್ನೊಂದು ದೊಡ್ಡ ಟೂರ್ನಿಗೆ ಹೇಗೆ ಇಳಿದರು? ಕಥೆ ಇಲ್ಲೇ ಸಡಿಲವಾಗುತ್ತದೆ. ಬೂಟು ಕಡ್ಡಾಯ ಅಂತ ನಮ್ಮ ಫೆಡರೇಶನ್ ಗಟ್ಟಿಯಾಗಿ ಹೇಳಿದ್ದು ಹೆಲ್ಸಿಂಕಿಯಲ್ಲಿ ಏಟು ತಿಂದ ಮೇಲೆ.

ಫೆಡರೇಶನ್ ಆಗ ಕೊಟ್ಟ ಕಾರಣ ಬೇರೆ: ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ, ತಯಾರಿಗೆ ಟೈಮ್ ಇಲ್ಲ. ಇದರ ಜೊತೆ ಬ್ರೆಜಿಲ್‌ಗೆ ಹಡಗಿನ ದೂರದ ಪ್ರಯಾಣ, ಖರ್ಚು. ಎಲ್ಲಕ್ಕಿಂತ ಮುಖ್ಯವಾಗಿ ಆಗ ನಮ್ಮವರ ಕಣ್ಣಿಗೆ ಒಲಿಂಪಿಕ್ಸ್ ದೊಡ್ಡದಾಗಿತ್ತು, ವರ್ಲ್ಡ್ ಕಪ್ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಇವತ್ತು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ, ನಿಜ. ಮತ್ತೆ ಆ ಬಾಗಿಲು ನಮಗೆ ತೆರೆದಿಲ್ಲ. ಆದರೆ ಹೊಟ್ಟೆ ಉರಿಯುತ್ತದೆ ಅಂತ ಬರಿಗಾಲಿನ ಕಥೆಯನ್ನು ಚಾರ್ಟ್‌ಗೆ ಹಾಕಿದರೆ ಮಕ್ಕಳು ಅದನ್ನೇ ನಿಜ ಅಂತ ಜೀವನಪೂರ್ತಿ ಹೇಳಿಕೊಂಡು ಓಡಾಡುತ್ತಾರೆ.

ಸರಿಪಡಿಸಿದ ಸಾಲು ಹೀಗಿರಲಿ: "1950ರ ವರ್ಲ್ಡ್ ಕಪ್‌ಗೆ ಭಾರತಕ್ಕೆ ಅರ್ಹತೆ ಸಿಕ್ಕಿತ್ತು, ಆದರೆ ತಂಡ ಹೋಗಲಿಲ್ಲ. ತಂಡದ ಆಯ್ಕೆ, ತಯಾರಿಯ ಸಮಯ ಕಾರಣ ಅಂತ ಫೆಡರೇಶನ್ ಹೇಳಿತು." ಬರಿಗಾಲಿನ ವಿಷಯ ಬೇಕೇ ಬೇಕು ಅಂದರೆ ಅದನ್ನು 1948 ಮತ್ತು 1952ರ ಸಾಲಿನಲ್ಲಿ ಹಾಕಿ. ಅದರ ನಿಜವಾದ ಜಾಗ ಅದು.

ದೋಷ: ಒಲಿಂಪಿಕ್ಸ್ ಗೋಲುಗಳ ಲೆಕ್ಕ ಕೂಡುತ್ತಿಲ್ಲ

ಇಲ್ಲಿ ಒಂದು ಒಳ್ಳೆಯ ಅನುಕೂಲ ಇದೆ. ಭಾರತ ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲ್ ಆಡಿದ್ದು ನಾಲ್ಕೇ ಸಲ: 1948, 1952, 1956, 1960. ಒಟ್ಟು 8 ಪಂದ್ಯ. ಗೆದ್ದದ್ದು 1, ಡ್ರಾ 1, ಸೋತದ್ದು 6. ಹೊಡೆದ ಗೋಲು 10, ಬಿಟ್ಟುಕೊಟ್ಟದ್ದು 27. ನಿಮ್ಮ ಚಾರ್ಟ್‌ನಲ್ಲಿರುವ ಸ್ಕೋರ್‌ಗಳನ್ನು ಕೂಡಿ ನೋಡಿ. ಈ ಮೊತ್ತ ಬರಲಿಲ್ಲ ಅಂದರೆ ಎಲ್ಲೋ ಒಂದು ಸ್ಕೋರ್ ಕೆಟ್ಟಿದೆ ಅಂತಲೇ ಅರ್ಥ.

ಬಂಗಾರಪೇಟೆ ಹತ್ತಿರದ ಒಂದು ಶಾಲೆಯಿಂದ ಪಿ.ಟಿ. ಮೇಷ್ಟ್ರು ಒಂದು ಚಾರ್ಟ್ ತಂದಿದ್ದರು. ಎಂಟನೇ ಕ್ಲಾಸಿನ ಹುಡುಗಿ ಬರೆದದ್ದು. ನೀಲಿ ಸ್ಕೆಚ್ ಪೆನ್ನಿನಲ್ಲಿ ಗೆರೆ, ಅಂಚಿಗೆ ಬಣ್ಣದ ಟೇಪು, ಮೂಲೆಯಲ್ಲಿ ಕೈಯಲ್ಲೇ ಬಿಡಿಸಿದ ಫುಟ್‌ಬಾಲು. ತುಂಬಾ ಅಚ್ಚುಕಟ್ಟು. ಅದರಲ್ಲಿ ಒಂದು ಸಾಲು: "1956 ಮೆಲ್ಬರ್ನ್, ಸೆಮಿಫೈನಲ್, ಯುಗೋಸ್ಲಾವಿಯಾ ವಿರುದ್ಧ 1-10 ಸೋಲು."

"ಸಾರ್, ಇದು ಪುಸ್ತಕದಲ್ಲೇ ಇತ್ತಂತೆ," ಅಂದರು ಮೇಷ್ಟ್ರು.

ಇರಬಹುದು. ಅಂಕಿ ಸುಳ್ಳಲ್ಲ. ಯುಗೋಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿದ್ದು ನಿಜ, ಆದರೆ ಅದು 1952, ಹೆಲ್ಸಿಂಕಿ. ನಮ್ಮ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಅಹ್ಮದ್ ಖಾನ್. ನಾಲ್ಕು ವರ್ಷ ಬಿಟ್ಟು ಮೆಲ್ಬರ್ನ್‌ನಲ್ಲಿ ಅದೇ ಯುಗೋಸ್ಲಾವಿಯಾ ಸೆಮಿಫೈನಲ್‌ನಲ್ಲಿ ಸಿಕ್ಕಿತು. ಅಲ್ಲಿ ನೆವಿಲ್ ಡಿಸೋಜಾ ಮೊದಲು ಗೋಲು ಹೊಡೆದರು, ಭಾರತ ಮುಂದಿತ್ತು, ಆಮೇಲೆ ಯುಗೋಸ್ಲಾವಿಯಾದವರು ನಾಲ್ಕು ಹೊಡೆದರು. ಸ್ಕೋರ್ 1-4. ಎರಡೂ ಆಟದಲ್ಲಿ ನಮ್ಮದು ಒಂದೇ ಗೋಲು, ಎದುರಾಳಿ ಒಬ್ಬರೇ, ಹಾಗಾಗಿ ಎರಡು ಸಾಲು ಒಂದಾಗಿಬಿಟ್ಟಿವೆ. ಎದುರಾಳಿಯ ಹೆಸರು ಎರಡು ಸಲ ಬರುವ ಕಡೆಯೆಲ್ಲ ಈ ಅಪಾಯ ಇದೆ. ಫ್ರಾನ್ಸ್ ಕೂಡ ಹಾಗೇ: 1948ರಲ್ಲಿ 1-2 ಸೋಲು, 1960ರ ರೋಮ್‌ನಲ್ಲಿ 1-1 ಡ್ರಾ.

ಇದಕ್ಕೆ ಮದ್ದು ಒಂದೇ. ಸ್ಕೋರ್ ಜೊತೆ ಗೋಲು ಹೊಡೆದವರ ಹೆಸರು ಬರೆಯಿರಿ. ಹೆಸರು ಇದ್ದರೆ ಆಟ ಅದಲುಬದಲಾಗುವುದಿಲ್ಲ. 1948 ಫ್ರಾನ್ಸ್: ಸಾರಂಗಪಾಣಿ ರಾಮನ್, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು, ಇವರೂ ಬೆಂಗಳೂರಿನವರು. ಆ ಆಟದಲ್ಲಿ ನಮಗೆ ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಗೋಲಾಗಲಿಲ್ಲ. ಫ್ರಾನ್ಸ್ ಗೆಲುವಿನ ಗೋಲು ಹೊಡೆದದ್ದು ಆಟ ಮುಗಿಯುವ ಹೊತ್ತಿಗೆ. 1952 ಯುಗೋಸ್ಲಾವಿಯಾ: ಅಹ್ಮದ್ ಖಾನ್. 1956 ಆಸ್ಟ್ರೇಲಿಯಾ ವಿರುದ್ಧ 4-2 ಗೆಲುವು: ನೆವಿಲ್ ಡಿಸೋಜಾ ಮೂರು, ಕೃಷ್ಣ ಕಿಟ್ಟು ಒಂದು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯಾದ ಆಟಗಾರರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್: ನೆವಿಲ್. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರು 0-3, ನಾಲ್ಕನೇ ಸ್ಥಾನ. 1960ರಲ್ಲಿ ಹಂಗೇರಿ ಎದುರು 1-2, ಪೆರು ಎದುರು 1-3, ಎರಡರಲ್ಲೂ ತುಳಸೀದಾಸ್ ಬಲರಾಮ್. ಫ್ರಾನ್ಸ್ ಎದುರಿನ ಡ್ರಾ: ಪಿ.ಕೆ. ಬ್ಯಾನರ್ಜಿ. ಕೂಡಿ, 10 ಬರುತ್ತದೆ.

1956ರಲ್ಲಿ ನಾಲ್ಕು ಪಂದ್ಯ ಅಂತ ಯಾರಾದರೂ ಬರೆದಿದ್ದರೆ ಅದಕ್ಕೂ ಕಾರಣ ಇದೆ. ಮೊದಲ ಸುತ್ತಿನಲ್ಲಿ ಹಂಗೇರಿ ಬರಲಿಲ್ಲ, ನಾವು ಆಡದೆ ಮುಂದೆ ಹೋದೆವು. ಆಡದ ಪಂದ್ಯವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೊಂದು ಇಲ್ಲೇ ಹೇಳಿಬಿಡುತ್ತೇನೆ. ಮೆಲ್ಬರ್ನ್ ಸಾಲಿನಲ್ಲಿ "ನಾಯಕ ಬ್ಯಾನರ್ಜಿ" ಅಂತಷ್ಟೇ ಇದ್ದರೆ ಮುಂದಿನವರು ಅದನ್ನು ಪಿ.ಕೆ. ಬ್ಯಾನರ್ಜಿ ಅಂತ ಓದುತ್ತಾರೆ. ಇಬ್ಬರು ಬ್ಯಾನರ್ಜಿಗಳೂ ಆ ತಂಡದಲ್ಲಿ ಇದ್ದರು. ಮೆಲ್ಬರ್ನ್‌ನಲ್ಲಿ ನಾಯಕ ಸಮರ್ ಬ್ಯಾನರ್ಜಿ, ಎಲ್ಲರೂ ಬದ್ರು ಅಂತ ಕರೆಯುತ್ತಿದ್ದವರು. ಪಿ.ಕೆ. ನಾಯಕರಾದದ್ದು ರೋಮ್‌ನಲ್ಲಿ. ಇನಿಶಿಯಲ್ ಬಿಡಲೇಬೇಡಿ. ಹಾಗೇ ಚುನಿ ಗೋಸ್ವಾಮಿ, ಸುಬಿಮಲ್ ಗೋಸ್ವಾಮಿ ಅಂತ ಎರಡು ಹೆಸರು ಕಂಡರೆ ಇಬ್ಬರು ಅಂತ ಎಣಿಸಬೇಡಿ, ಒಬ್ಬರೇ.

ದೋಷ: ಸ್ಕೋರ್ ತಿರುಗಿ ಬಿದ್ದಿದೆ

ಮೆಲ್ಬರ್ನ್ ಒಲಿಂಪಿಕ್ಸ್ ಮುಗಿದ ಮೇಲೆ 1956ರ ಡಿಸೆಂಬರ್‌ನಲ್ಲೇ ಸಿಡ್ನಿಯಲ್ಲಿ ಒಂದು ಸೌಹಾರ್ದ ಪಂದ್ಯ ನಡೆಯಿತು. ಆತಿಥೇಯರ ಹೆಸರು ಮೊದಲು ಬರೆಯುವ ಪದ್ಧತಿಯಲ್ಲಿ ಅದು "ಆಸ್ಟ್ರೇಲಿಯಾ 1-7 ಭಾರತ". ಅವಸರದಲ್ಲಿ ನೋಡಿದವರು 1-7 ಸೋಲು ಅಂತ ಬರೆದುಕೊಳ್ಳುತ್ತಾರೆ. ಏಳು ಗೋಲು ನಮ್ಮದು! ಭಾರತದ ಅತಿ ದೊಡ್ಡ ಗೆಲುವುಗಳಲ್ಲಿ ಒಂದನ್ನು ಸೋಲು ಅಂತ ಗೋಡೆಗೆ ಅಂಟಿಸಿದರೆ ಬೇಜಾರಾಗುತ್ತದೆ, ಅಲ್ವಾ? ಎಲ್ಲ ಸಾಲಿನಲ್ಲೂ ಭಾರತದ ಗೋಲು ಮೊದಲು ಬರೆಯಿರಿ, ಪಕ್ಕದಲ್ಲಿ ಗೆಲುವು ಅಥವಾ ಸೋಲು ಅಂತ ಅಕ್ಷರದಲ್ಲೇ ಬರೆಯಿರಿ. ಈ 7-1 ಬೇರೆ, ಒಲಿಂಪಿಕ್ಸ್‌ನ 4-2 ಬೇರೆ. ವರ್ಷ ಒಂದೇ, ಎದುರಾಳಿ ಒಂದೇ ಅಂತ ಸೇರಿಸಬೇಡಿ.

ಇನ್ನು ಫ್ಲೆಕ್ಸ್ ಅಂಗಡಿ. ಕೈಬರಹದಲ್ಲಿ ಕನ್ನಡ ಅಂಕಿ ಇದ್ದರೆ ೬ ಮತ್ತು ೯ ಹುಷಾರು. ಟೈಪ್ ಮಾಡುವವರು ಬೆಳಗಿಂದ ಸಂಜೆವರೆಗೆ ಮದುವೆ, ನಾಮಕರಣ, ಹುಟ್ಟುಹಬ್ಬದ ಕೆಲಸದ ನಡುವೆ ನಿಮ್ಮ ಹಾಳೆ ನೋಡುತ್ತಾರೆ, ಬಾಲ ಸ್ವಲ್ಪ ಆಚೀಚೆ ಆದರೂ ೧೯೬೨ ಹೋಗಿ ೧೯೯೨ ಆಗುತ್ತದೆ. ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನದ ವರ್ಷ 1992 ಅಂತ ಕಂಡರೆ ಮೊದಲು ಕೈಬರಹದ ಹಾಳೆ ತರಿಸಿ ನೋಡಿ. ಚರಿತ್ರೆಯಲ್ಲಿ ತಪ್ಪು ಹುಡುಕುವ ಮುಂಚೆ ಟೈಪಿಂಗ್‌ನಲ್ಲಿ ಹುಡುಕಿ.

ದೋಷ: ಏಷ್ಯನ್ ಗೇಮ್ಸ್ ಮತ್ತು ಏಷ್ಯಾ ಕಪ್ ಒಂದಾಗಿವೆ

ಲಕ್ಷಣ: "ಭಾರತ ಎರಡು ಸಲ ಏಷ್ಯಾ ಕಪ್ ಗೆದ್ದಿದೆ." ಗೆದ್ದಿಲ್ಲ. ಗೆದ್ದದ್ದು ಹಲವು ಆಟಗಳ ಕೂಟವಾದ ಏಷ್ಯನ್ ಗೇಮ್ಸ್‌ನ ಫುಟ್‌ಬಾಲ್ ಚಿನ್ನ, 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ. ಫುಟ್‌ಬಾಲ್‌ಗೆ ಮಾತ್ರ ಇರುವ ಏಷ್ಯಾ ಕಪ್ ಅನ್ನುವ ಟೂರ್ನಿ ಶುರುವಾದದ್ದೇ 1956ರಲ್ಲಿ. ಹಾಗಾಗಿ 1951ರ ಪಕ್ಕ ಏಷ್ಯಾ ಕಪ್ ಅಂತ ಕಂಡರೆ ಅದು ಸಾಧ್ಯವೇ ಇಲ್ಲ.

1951ರ ಸಾಲು ಸರಳ. ಫೈನಲ್‌ನಲ್ಲಿ ಇರಾನ್ ಎದುರು 1-0, ಗೋಲು ಮೇವಾಲಾಲ್ ಅವರದ್ದು, ನಾಯಕ ಶೈಲೇನ್ ಮನ್ನಾ, ಕೋಚ್ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್.

1962ರ ಸಾಲು ಹಾಗಲ್ಲ. ಇಲ್ಲಿ ಸರಿಯಾಗಿರುವುದೇ ತಪ್ಪಿನ ಹಾಗೆ ಕಾಣುತ್ತದೆ, ಮಕ್ಕಳು ಅದನ್ನು "ತಿದ್ದಿ" ಕೆಡಿಸುತ್ತಾರೆ. ಒಂದು ಕಡೆ ದಕ್ಷಿಣ ಕೊರಿಯಾ ಎದುರು 0-2 ಸೋಲು ಅಂತ ಇರುತ್ತದೆ, ಇನ್ನೊಂದು ಕಡೆ ದಕ್ಷಿಣ ಕೊರಿಯಾ ಎದುರು 2-1 ಗೆಲುವು. ಎರಡೂ ನಿಜ. ಮೊದಲನೆಯದು ಗುಂಪಿನ ಮೊದಲ ಪಂದ್ಯ. ಆ ಸೋಲಿನ ಮೇಲೆ ಥಾಯ್ಲೆಂಡ್ ಎದುರು 4-1, ಜಪಾನ್ ಎದುರು 2-0, ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3-2, ಆಮೇಲೆ ಫೈನಲ್‌ನಲ್ಲಿ ಮತ್ತೆ ಕೊರಿಯಾ. ಸೆಪ್ಟೆಂಬರ್ 4. ಗೋಲು ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್.

ಇಲ್ಲಿ ಎರಡನೇ ಅನುಮಾನ ಬರುತ್ತದೆ. ಜರ್ನೈಲ್ ಸಿಂಗ್ ಡಿಫೆಂಡರ್ ಅಲ್ವಾ, ಫೈನಲ್‌ನಲ್ಲಿ ಗೋಲು ಹೇಗೆ? ಥಾಯ್ಲೆಂಡ್ ಪಂದ್ಯದಲ್ಲಿ ಅವರ ತಲೆಗೆ ಪೆಟ್ಟಾಗಿತ್ತು, ಹೊಲಿಗೆ ಬಿದ್ದಿತ್ತು. ಆದರೂ ಕೋಚ್ ರಹೀಮ್ ಜರ್ನೈಲ್ ಅವರನ್ನು ಹೊರಗೆ ಕೂರಿಸಲಿಲ್ಲ. ಹಿಂದೆ ಆಡಿಸುವ ಬದಲು ಮುಂದೆ, ಸೆಂಟರ್ ಫಾರ್ವರ್ಡ್ ಜಾಗದಲ್ಲಿ ಇಳಿಸಿದರು. ಸೆಮಿಫೈನಲ್‌ನಲ್ಲೂ ಗೋಲು, ಫೈನಲ್‌ನಲ್ಲೂ ಗೋಲು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಎದ್ದು ಬಂದು ಫೈನಲ್ ಆಡಿದರು. ಸ್ಟೇಡಿಯಂ ತುಂಬಾ ಜನ ನಮ್ಮ ವಿರುದ್ಧ ಕೂಗುತ್ತಿದ್ದರು. ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಇಂಡೋನೇಷ್ಯಾ ಒಳಗೆ ಬಿಡದಿದ್ದದ್ದಕ್ಕೆ ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದ್ದರು, ಆ ಸಿಟ್ಟು ಮೈದಾನಕ್ಕೂ ಬಂದಿತ್ತು. ಇಷ್ಟೆಲ್ಲದರ ನಡುವೆ ಬಂದ ಚಿನ್ನ ಅದು. ಚಾರ್ಟ್‌ನಲ್ಲಿ ಜಾಗ ಕಮ್ಮಿ ಇದ್ದರೆ ಬೇರೆ ಯಾವುದನ್ನಾದರೂ ಸಣ್ಣದು ಮಾಡಿ, ಇದನ್ನು ಮಾಡಬೇಡಿ.

1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಕಂಚು, ಜಪಾನ್ ಎದುರು 1-0. ಇದನ್ನು ಬಿಟ್ಟುಬಿಡುವವರು ಜಾಸ್ತಿ, ಸೇರಿಸಿ.

ಇನ್ನು ಏಷ್ಯಾ ಕಪ್. ನಮ್ಮ ಒಳ್ಳೆಯ ಫಲಿತಾಂಶ 1964, ಇಸ್ರೇಲ್‌ನಲ್ಲಿ, ಎರಡನೇ ಸ್ಥಾನ. ಇಲ್ಲಿ "ಫೈನಲ್‌ನಲ್ಲಿ ಇಸ್ರೇಲ್ ಎದುರು ಸೋಲು" ಅಂತ ಬರೆದಿದ್ದರೆ ಅದು ದೋಷ. ಫೈನಲ್ ಅನ್ನುವುದೇ ಇರಲಿಲ್ಲ. ನಾಲ್ಕು ತಂಡ, ಎಲ್ಲರೂ ಎಲ್ಲರ ಮೇಲೆ ಆಡಿದರು. ಭಾರತ ದಕ್ಷಿಣ ಕೊರಿಯಾವನ್ನು 2-0, ಹಾಂಗ್‌ಕಾಂಗ್ ಅನ್ನು 3-1ರಿಂದ ಸೋಲಿಸಿತು, ಇಸ್ರೇಲ್ ಎದುರು 0-2 ಸೋತಿತು. ಈ ತಂಡದ ಕೋಚ್ ರಹೀಮ್ ಅಂತ ಇದ್ದರೂ ತಪ್ಪು. ರಹೀಮ್ ಸಾಹೇಬರು 1963ರ ಜೂನ್‌ನಲ್ಲೇ ತೀರಿಕೊಂಡಿದ್ದರು. 1964ರಲ್ಲಿ ಕೋಚ್ ಇಂಗ್ಲೆಂಡಿನ ಹ್ಯಾರಿ ರೈಟ್.

ದೋಷ: ಟೂರ್ನಿ ಹೆಸರಿನ ವರ್ಷ ಒಂದು, ಆಡಿದ ವರ್ಷ ಇನ್ನೊಂದು

2023ರ ಏಷ್ಯಾ ಕಪ್ ನಡೆದದ್ದು 2024ರ ಜನವರಿ-ಫೆಬ್ರವರಿಯಲ್ಲಿ, ಕತಾರ್‌ನಲ್ಲಿ. ಭಾರತ ಮೂರೂ ಪಂದ್ಯ ಸೋತಿತು, ಒಂದು ಗೋಲೂ ಬರಲಿಲ್ಲ. 2015ರ ಸ್ಯಾಫ್ ಕಪ್ (ದಕ್ಷಿಣ ಏಷ್ಯಾ ದೇಶಗಳ ಟೂರ್ನಿ) ಫೈನಲ್ ನಡೆದದ್ದು 2016ರ ಜನವರಿ 3ಕ್ಕೆ, ತಿರುವನಂತಪುರದಲ್ಲಿ. ಇಬ್ಬರು ಹುಡುಗರು ಎರಡು ವರ್ಷ ಹೇಳಿ ಜಗಳಕ್ಕೆ ನಿಂತರೆ ಇಬ್ಬರಿಗೂ ಅಂಕ ಕೊಡಿ. ಪ್ರಶ್ನೆಯನ್ನು ಸರಿ ಮಾಡಿ: "ಯಾವ ವರ್ಷದ ಟೂರ್ನಿ" ಅಂತ ಕೇಳುತ್ತಿದ್ದೀರೋ, "ಯಾವಾಗ ನಡೆಯಿತು" ಅಂತ ಕೇಳುತ್ತಿದ್ದೀರೋ, ಅದು ಪ್ರಶ್ನೆಯಲ್ಲೇ ಇರಬೇಕು.

2023ರ ಸ್ಯಾಫ್ ಕಪ್‌ಗೆ ಈ ತೊಂದರೆ ಇಲ್ಲ. ಅದೇ ವರ್ಷ ಜುಲೈ 4ಕ್ಕೆ ಬೆಂಗಳೂರಿನ ಕಂಠೀರವದಲ್ಲಿ ಫೈನಲ್. ಕುವೈತ್ ಎದುರು 1-1, ಪೆನಾಲ್ಟಿಯಲ್ಲಿ 5-4. ಭಾರತಕ್ಕೆ ಒಂಬತ್ತನೇ ಸ್ಯಾಫ್ ಪ್ರಶಸ್ತಿ. ಆದರೆ ಬೇರೆ ಒಂದು ಅನುಮಾನ ಬರುತ್ತದೆ, ಕುವೈತ್ ದಕ್ಷಿಣ ಏಷ್ಯಾದ ದೇಶ ಅಲ್ಲವಲ್ಲ ಅಂತ. ಸರಿ. ಆ ಸಲ ಕುವೈತ್ ಮತ್ತು ಲೆಬನಾನ್ ಅತಿಥಿ ತಂಡಗಳಾಗಿ ಬಂದಿದ್ದವು. ತಿದ್ದಬೇಡಿ.

ದೋಷ: ರ‍್ಯಾಂಕಿಂಗ್ ಸಾಲು

"1962ರಲ್ಲಿ ಭಾರತದ ಫಿಫಾ ರ‍್ಯಾಂಕ್ ಇಷ್ಟು" ಅಂತ ಎಲ್ಲೇ ಕಂಡರೂ ಹೊಡೆದುಹಾಕಿ. ಫಿಫಾ ರ‍್ಯಾಂಕಿಂಗ್ ಶುರುವಾದದ್ದು 1992ರ ಡಿಸೆಂಬರ್‌ನಲ್ಲಿ. ನಮ್ಮ ಅತಿ ಒಳ್ಳೆಯ ಸ್ಥಾನ 94, 1996ರ ಫೆಬ್ರವರಿ. ಅತಿ ಕೆಳಗಿನದು 173, 2015ರ ಮಾರ್ಚ್. ರ‍್ಯಾಂಕ್ ಬರೆದರೆ ತಿಂಗಳು ಬರೆಯಲೇಬೇಕು.

ದೋಷ: ಯಾವ ತಂಡ ಅಂತ ಬರೆದಿಲ್ಲ

"ಭಾರತ ವರ್ಲ್ಡ್ ಕಪ್‌ನಲ್ಲಿ ಒಂದು ಗೋಲೂ ಹೊಡೆದಿಲ್ಲ" ಅಂತ ಒಬ್ಬರು, "2017ರಲ್ಲಿ ಹೊಡೆದಿದೆ" ಅಂತ ಇನ್ನೊಬ್ಬರು. 2017ರಲ್ಲಿ ನಮ್ಮ ದೇಶದಲ್ಲೇ 17 ವರ್ಷದೊಳಗಿನವರ ವರ್ಲ್ಡ್ ಕಪ್ ನಡೆಯಿತು. ಕೊಲಂಬಿಯಾ ಎದುರು ಜೀಕ್ಸನ್ ಸಿಂಗ್ ಗೋಲು ಹೊಡೆದರು. ಅದು ಹುಡುಗರ ತಂಡ, ಹಿರಿಯರ ತಂಡವಲ್ಲ. ಸಾಲಿನಲ್ಲಿ "17 ವರ್ಷದೊಳಗಿನ" ಅಂತ ಸೇರಿಸಿದರೆ ಜಗಳ ಅಲ್ಲಿಗೇ ನಿಲ್ಲುತ್ತದೆ. ಏಷ್ಯನ್ ಗೇಮ್ಸ್‌ನಲ್ಲೂ ಇದೇ ಕಥೆ. 2002ರಿಂದ ಅಲ್ಲಿ ಆಡುವುದು 23 ವರ್ಷದೊಳಗಿನವರ ತಂಡ, ಕೆಲವು ಹಿರಿಯರಿಗಷ್ಟೇ ಅವಕಾಶ. 1962ರ ತಂಡವನ್ನು ಈಗಿನ ಏಷ್ಯನ್ ಗೇಮ್ಸ್ ತಂಡದ ಜೊತೆ ಒಂದೇ ಕಾಲಂನಲ್ಲಿ ಇಡಬೇಡಿ.

ಹೆಣ್ಣುಮಕ್ಕಳ ತಂಡದ ಸಾಧನೆ ಪುರುಷರ ಸಾಲಿಗೆ ಸೇರಿಕೊಳ್ಳುವುದೂ ಉಂಟು, ಪೂರ್ತಿ ಬಿಟ್ಟುಹೋಗುವುದು ಇನ್ನೂ ಜಾಸ್ತಿ. ಏಷ್ಯಾ ಕಪ್‌ನಲ್ಲಿ ಭಾರತ ರನ್ನರ್ ಅಪ್ ಆದದ್ದು ಎಷ್ಟು ಸಲ ಅಂತ ಕೇಳಿದರೆ ಪುರುಷರು ಒಂದು ಸಲ, 1964. ಮಹಿಳೆಯರು ಎರಡು ಸಲ, ಕಲ್ಲಿಕೋಟೆಯಲ್ಲಿ ನಡೆದ ಟೂರ್ನಿಯಲ್ಲಿ ಒಮ್ಮೆ, 1983ರಲ್ಲಿ ಬ್ಯಾಂಕಾಕ್‌ನಲ್ಲಿ ಇನ್ನೊಮ್ಮೆ. ನಿಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ಆಡುತ್ತಿದ್ದರೆ ಈ ಸಾಲು ಅವರ ಕಣ್ಣಿಗೆ ಬೀಳುವ ಎತ್ತರದಲ್ಲಿ ಇರಲಿ.

ದೋಷ: ಹಳೆಯ ಹೆಸರು, ಹೊಸ ಹೆಸರು

ಭಾರತದ ಮೊದಲ ಪಂದ್ಯ 1938 ಅಂತ ಕೆಲವರು, 1948 ಅಂತ ಕೆಲವರು. 1938ರಲ್ಲಿ ಬ್ರಿಟಿಷ್ ಆಳ್ವಿಕೆಯ ಭಾರತದ ತಂಡ ಆಸ್ಟ್ರೇಲಿಯಾ ಪ್ರವಾಸ ಮಾಡಿತ್ತು. 1948ರ ಲಂಡನ್ ಆಟ ಸ್ವಾತಂತ್ರ್ಯ ಬಂದ ಮೇಲಿನ ಮೊದಲ ದೊಡ್ಡ ಟೂರ್ನಿ. "ಸ್ವತಂತ್ರ ಭಾರತ" ಅನ್ನುವ ಎರಡು ಪದ ಸೇರಿಸಿ, ಸಾಕು.

ನಮ್ಮ ರಾಜ್ಯದ್ದು ಇನ್ನೂ ಮುಖ್ಯ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ನಡುವಿನ ರಾಷ್ಟ್ರೀಯ ಟೂರ್ನಿ) ಗೆದ್ದಿತು. ಇದು ಮೊದಲ ಸಲವೋ, ಐದನೇ ಸಲವೋ? 1946-47, 1952-53, 1967-68, 1968-69ರಲ್ಲಿ ಗೆದ್ದದ್ದು ಮೈಸೂರು. ಆಗ ರಾಜ್ಯದ ಹೆಸರೇ ಮೈಸೂರು, ಕರ್ನಾಟಕ ಅಂತ ಆದದ್ದು 1973ರ ನವೆಂಬರ್ 1ಕ್ಕೆ. ಅದನ್ನೂ ಸೇರಿಸಿದರೆ ಐದು. ಸೇರಿಸದೆ ಇರುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ. ಹಳೆ ಪಟ್ಟಿಯಲ್ಲಿ "ಮೈಸೂರು ಆಟಗಾರ" ಅಂತ ಕಂಡರೆ ಮೈಸೂರು ಊರಿನವರು ಅಂತ ತಿಳಿಯಬೇಡಿ, ಅವರು ಬೆಂಗಳೂರಿನವರೂ ಆಗಿರಬಹುದು, ನಮ್ಮ ಕೆಜಿಎಫ್‌ನವರೂ ಆಗಿರಬಹುದು.

ದೋಷ: ಛೆಟ್ರಿ ಗೋಲು 94 ಅಥವಾ 95

2024ರ ಜೂನ್ 6ಕ್ಕೆ ಕೋಲ್ಕತ್ತಾದಲ್ಲಿ ಕುವೈತ್ ಎದುರು ಆಡಿ ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿ ನಿವೃತ್ತಿ ಹೇಳಿದಾಗ 151 ಪಂದ್ಯ, 94 ಗೋಲು. 2025ರ ಮಾರ್ಚ್‌ನಲ್ಲಿ ವಾಪಸ್ ಬಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಗೋಲು ಹೊಡೆದರು, 95 ಆಯಿತು. ಹಾಗಾಗಿ 94 ಅಂತ ಇರುವ ಫ್ಲೆಕ್ಸ್ ಆ ದಿನಕ್ಕೆ ಸರಿ. ಆಡುತ್ತಿರುವವರ ಅಂಕಿ ಬರೆಯುವಾಗ "ಇಂಥ ತಾರೀಕಿನವರೆಗೆ" ಅಂತ ಸೇರಿಸಿ. ಹಳೆಯ ಆಟಗಾರರ ಗೋಲುಗಳಲ್ಲಿ ಎರಡು ಪಟ್ಟಿಗೆ ವ್ಯತ್ಯಾಸ ಬಂದರೆ ಒಲಿಂಪಿಕ್ಸ್ ಗೋಲುಗಳನ್ನು ಒಬ್ಬರು ಸೇರಿಸಿ ಇನ್ನೊಬ್ಬರು ಬಿಟ್ಟಿದ್ದಾರಾ ನೋಡಿ.

ದೋಷ: "ನಮ್ಮೂರಿನವರು ಇಂಡಿಯಾಗೆ ಆಡಿದ್ದಾರೆ"

ಕೆಜಿಎಫ್‌ನಲ್ಲಿ ಇದು ಬರದೇ ಇರುವುದಿಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಫುಟ್‌ಬಾಲ್ ಅಂದರೆ ಜನ ಸಾಯುತ್ತಿದ್ದರು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್ ಯಾವ ಕಡೆ ಹೋಗಿ ಕೇಳಿದರೂ ಹಳೆಯ ಆಟಗಾರರ ಹೆಸರು ಹೇಳುತ್ತಾರೆ. ಚಾರ್ಟ್ ಮಾಡುವ ಹುಡುಗರು ಆ ಮಾತನ್ನು ಹಾಗೇ ಬರೆಯುತ್ತಾರೆ, ಆಮೇಲೆ ಯಾರೋ ಪಟ್ಟಿ ನೋಡಿ ಇಲ್ಲ ಅಂತಾರೆ, ಸುಮ್ನೆ ಹಿರಿಯರ ಮರ್ಯಾದೆ ಹೋಗುತ್ತದೆ. ಹೆಚ್ಚಿನ ಸಲ ಅವರು ಸುಳ್ಳು ಹೇಳಿರುವುದಿಲ್ಲ. ಕೇಳಿದ ರೀತಿಯಲ್ಲಿ ಕೊರತೆ ಇರುತ್ತದೆ.

ಒಬ್ಬ ಹುಡುಗ ಕೇಳಿದ ರೀತಿ ನನಗೆ ತುಂಬಾ ಹಿಡಿಸಿತು. ತಾತ "ನಾನು ಇಂಡಿಯಾ ಲೆವೆಲ್‌ನಲ್ಲಿ ಆಡಿದೀನಿ ಕಣಪ್ಪ" ಅಂದರು. ಅವನು "ನಿಜವಾ ತಾತ?" ಅಂತ ಕೇಳಲಿಲ್ಲ. "ಎದುರುಗಡೆ ಯಾರಿದ್ದರು ತಾತ?" ಅಂದ.

"ಬೆಂಗಾಲ್. ಬೆಂಗಾಲ್ ಅಂದ್ರೆ ಏನ್ ಟೀಮ್ ಗೊತ್ತಾ."

ಅಷ್ಟೇ ಸಾಕು. ಎದುರುಗಡೆ ಬೆಂಗಾಲ್ ಇದ್ದರೆ ಇವರದ್ದು ರಾಜ್ಯ ತಂಡ, ಬಹುಶಃ ಸಂತೋಷ್ ಟ್ರೋಫಿ. ಅದು ದೇಶದ ಮಟ್ಟದ ಟೂರ್ನಿ, ಹಾಗಾಗಿ ತಾತ ಹೇಳಿದ್ದೂ ಸರಿ. ಮುಂದಿನ ಪ್ರಶ್ನೆಗಳು: ಎಲ್ಲಿ ನಡೆಯಿತು, ಯಾರು ಕ್ಯಾಪ್ಟನ್, ಆಗ ಗಣಿಯಲ್ಲಿ ಕೆಲಸಕ್ಕೆ ಸೇರಿದ್ದರಾ, ಮದುವೆ ಆಗಿತ್ತಾ. ವರ್ಷ ನೆನಪಿರದವರಿಗೂ ಮದುವೆ, ಕೆಲಸ ನೆನಪಿರುತ್ತದೆ, ಅಲ್ಲಿಂದ ವರ್ಷ ಹತ್ತಿರಕ್ಕೆ ಬರುತ್ತದೆ. ಫೋಟೋ ಇದ್ದರೆ ಹಿಂದೆ ತಿರುಗಿಸಿ ನೋಡಿ, ಸ್ಟುಡಿಯೋ ಸೀಲು, ತಾರೀಕು ಇರಬಹುದು. ಮುಂದೆ ಜರ್ಸಿ ಮೇಲೆ ಏನು ಬರೆದಿದೆ ನೋಡಿ. ಸರ್ಟಿಫಿಕೇಟ್ ಇದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ಅಲ್ಲೇ ವಾಪಸ್ ಕೊಡಿ, ಮನೆಗೆ ತಗೊಂಡು ಹೋಗಬೇಡಿ.

ಆಮೇಲೆ ಸಿಕ್ಕಷ್ಟನ್ನೇ ಬರೆಯಿರಿ. "ಮೈಸೂರು ರಾಜ್ಯ ತಂಡಕ್ಕೆ ಆಡಿದವರು, ಬೆಂಗಾಲ್ ವಿರುದ್ಧ" ಅಂತ ಗೊತ್ತಾದರೆ ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿ. ಅದನ್ನು ಇಂಡಿಯಾ ತಂಡದ ಕಾಲಂನಲ್ಲಿ ತುರುಕಬೇಡಿ, "ಕೋಲಾರ ಜಿಲ್ಲೆಯ ಆಟಗಾರರು" ಅಂತ ಪಕ್ಕದಲ್ಲಿ ಒಂದು ಕಾಲಂ ಮಾಡಿ. ಪ್ರಿಂಟ್‌ಗೆ ಕೊಡುವ ಮುಂಚೆ ಅವರ ಮನೆಗೆ ಹೋಗಿ ಆ ಸಾಲನ್ನು ಅವರ ಎದುರು ಓದಿ, ಹೆಸರಿನ ಕಾಗುಣಿತ ಅವರಿಂದಲೇ ಕೇಳಿಕೊಳ್ಳಿ.